ಸಿಂಹಾಸನದ ಹಿಂದೆ ಪುಸ್ತಕದ ಕಪಾಟು



ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ನೀವು ನೋಡಿರುವ ಜಾಗ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಅರಮನೆಯ ಪಶ್ಚಿಮ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಗೋಡೆಯ ಮೇಲೆ ಏನನ್ನು ಬರೆಸಿದ ಎಂಬುದು ಅರಸ ಜನರಿಗೆ ಹೇಳಬಯಸಿದ ಮಾತೇ ಆಗಿರುತ್ತದೆ. ಅದೇ ಕಾಲದ ಇನ್ನೊಬ್ಬ ಅರಸ ಬರೆಸಿದ ಚಿತ್ರವನ್ನು ಈ ಸಲ ಪರಿಚಯಿಸುತ್ತೇನೆ.

ಕೊರಿಯಾವನ್ನು 1776ರಿಂದ 1800ರವರೆಗೆ ಆಳಿದವನು ಜೊಂಗ್ಜೊ. ಅಲ್ಲಿ ಸಿಂಹಾಸನದ ಹಿಂದೆ ಸೂರ್ಯ, ಚಂದ್ರ, ಐದು ಶಿಖರಗಳ ಚಿತ್ರವಿರುವ ಮಡಚುವ ಪರದೆ ಇಡುವುದು ವಾಡಿಕೆ. 1791ರಲ್ಲಿ ಜೊಂಗ್ಜೊ ಅದರ ಬದಲು ಪುಸ್ತಕದ ಕಪಾಟಿನ ಚಿತ್ರವಿದ್ದ ಪರದೆ ಇಡಿಸಿದ. ಓದಲು ಬಿಡುವಿಲ್ಲದಾಗ ಪುಸ್ತಕಗಳನ್ನು ನೋಡಿಯಾದರೂ ಸಂತೋಷಪಡಬೇಕೆಂಬುದು ಅವನ ಆಸೆ. ಇಂಥ ಚಿತ್ರಗಳಿಗೆ ‘ಚೆಕ್‌ಗೊರಿ’ ಎಂದು ಹೆಸರು. ಪೇರಿಸಿಟ್ಟ ಪುಸ್ತಕ, ಕುಂಚ, ಮಸಿ ಅರೆಯುವ ಕಲ್ಲು, ಹೂದಾನಿ, ನವಿಲುಗರಿ, ಕನ್ನಡಕ, ಹಣ್ಣು ಎಲ್ಲವೂ ಅದರಲ್ಲಿರುತ್ತವೆ. ದಾಳಿಂಬೆ ಬರೆದರೆ ಮನೆ ತುಂಬ ಮಕ್ಕಳಾಗಲಿ ಎಂದರ್ಥ. ನೆರಳು ಬೆಳಕು ತೋರಿಸುವ ಯುರೋಪಿನ ವಿಧಾನ ಚೀನಾದ ಮೂಲಕ ಈ ಚಿತ್ರಗಳಿಗೆ ಬಂತು. ಮುಂದೆ ಸಾಮಾನ್ಯರ ಮನೆಗಳಲ್ಲೂ ಇವು ಕಾಣಿಸಿಕೊಂಡವು.

ಟಿಪ್ಪುವಿನ ಅರಮನೆಯಲ್ಲಿ ನಿಜವಾದ ಪುಸ್ತಕಗಳೇ ಸುಮಾರು 2000 ಇದ್ದವು. ಕುರ್‌ಆನ್, ಹದೀಸ್, ಕಾವ್ಯ, ಇತಿಹಾಸ, ವೈದ್ಯ ಹೀಗೆ ಹಲವು ವಿಷಯಗಳು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅವು ಕಂಪನಿಯ ಕೈಸೇರಿ ಕಲ್ಕತ್ತೆಗೂ ಇಂಗ್ಲೆಂಡಿಗೂ ಹೋದವು. ಏನೇನಿತ್ತು ಎಂದು ಇಂದು ನಮಗೆ ತಿಳಿಯುವುದು ಮುಖ್ಯವಾಗಿ ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಅಚ್ಚು ಹಾಕಿಸಿದ ಪಟ್ಟಿಯಿಂದ.

ಜೊಂಗ್ಜೊನ ಪುಸ್ತಕಗಳಿಗೂ ಇದೇ ಗತಿಯಾಯಿತು. ಅವನು 1782ರಲ್ಲಿ ಗಾಂಗ್ಹ್ವಾ ದ್ವೀಪದಲ್ಲಿ ಕಟ್ಟಿಸಿದ ಗ್ರಂಥಾಲಯವನ್ನು 1866ರಲ್ಲಿ ಫ್ರೆಂಚ್ ಸೇನೆ ಸುಟ್ಟು, ಬೆಲೆಬಾಳುವ ಸಂಪುಟಗಳನ್ನು ಒಯ್ದಿತು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ ಪಾರ್ಕ್ ಬ್ಯೊಂಗ್‌ಸೊನ್ ಎಂಬ ಕೊರಿಯಾದ ಮಹಿಳೆ 1975ರಲ್ಲಿ ಅವುಗಳನ್ನು ಪತ್ತೆ ಹಚ್ಚಿದರು. 2011ರಲ್ಲಿ 297 ಸಂಪುಟಗಳು, ಸಾಲದ ಕರಾರಿನ ಮೇಲಾದರೂ, ತಾಯ್ನಾಡಿಗೆ ಮರಳಿದವು.

ಚಿತ್ರ ಪುಸ್ತಕದ ಮೇಲಿನ ಪ್ರೀತಿಯನ್ನು ತೋರಿಸುತ್ತದೆ. ಕಳೆದದ್ದನ್ನು ಹುಡುಕಲು ಮಾತ್ರ ಪಟ್ಟಿ ಬೇಕು, ಹುಡುಕುವ ಮನುಷ್ಯರು ಬೇಕು.

ಆದ್ದರಿಂದ ಒಂದು ಮನೆಗೆಲಸ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಿಂದ ಬರುವವರೂ ಸೇರಿ, ನಿಮ್ಮ ತಾತನ ಟ್ರಂಕಿನಲ್ಲೋ ಅಟ್ಟದಲ್ಲೋ ಇರುವ ಹಳೆಯ ಕನ್ನಡ, ಉರ್ದು, ಅರಬ್ಬಿ ಪುಸ್ತಕಗಳನ್ನು ತೆಗೆದು ನೋಡಿ. ಹೆಸರು, ಭಾಷೆ, ಅಚ್ಚಾದ ವರ್ಷ, ಮೊದಲು ಓದಿದವರು ಯಾರು ಎಂದು ಬರೆದು ತನ್ನಿ. ಒಂದೇ ಪುಸ್ತಕ ಸಿಕ್ಕರೂ ಸಾಕು. ಆಮೇಲೆ ಅದನ್ನು ಓದಿ.