ಹುಲ್ಲುಗಾವಲಿಗೆ ಯಾವ ಕ್ಯಾಮೆರಾ, ಎಷ್ಟು ಲೆನ್ಸ್?

ಮಿರರ್‌ಲೆಸ್ ಕ್ಯಾಮೆರಾದ ಬಾಡಿ ಕೆಲವೇ ವರ್ಷಗಳಲ್ಲಿ ಹಳೆಯ ಮಾದರಿ ಎನಿಸಿಕೊಳ್ಳುತ್ತದೆ. ಅದರ ಜೊತೆ ಕೊಂಡ ಒಳ್ಳೆಯ ಲೆನ್ಸ್ ಮಾತ್ರ ಎರಡು ಮೂರು ಬಾಡಿಗಳಿಗೂ ಆಗಿ ಬರುತ್ತದೆ. ಕ್ಯಾನನ್ ಲೆನ್ಸ್ ನಿಕಾನ್ ಬಾಡಿಗೆ ಕೂರುವುದಿಲ್ಲ, ಸೋನಿಯದು ಫ್ಯೂಜಿಗೆ ಕೂರುವುದಿಲ್ಲ. ಹೀಗಾಗಿ ಮೊದಲ ಸಲ ಆರಿಸಿಕೊಳ್ಳುವ ಮೌಂಟ್, ಅಂದರೆ ಲೆನ್ಸ್ ಕೂರುವ ಲೋಹದ ಬಳೆ, ಮುಂದಿನ ಎಲ್ಲ ಖರೀದಿಗಳ ದಾರಿಯನ್ನೂ ಗೊತ್ತುಮಾಡಿಬಿಡುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ವರವು ಕಾವಲ್‌ನಂಥ ಬಯಲಿನಲ್ಲಿ ಚಿತ್ರ ತೆಗೆಯುವವರಿಗೆ ಈ ಆಯ್ಕೆಯ ಲೆಕ್ಕ ಕಾಡಿನ ಅಥವಾ ನಗರದ ಲೆಕ್ಕಕ್ಕಿಂತ ಬೇರೆ. ಇಲ್ಲಿ ಮರೆ ಕಡಿಮೆ, ಪ್ರಾಣಿ ದೂರದಲ್ಲಿರುತ್ತದೆ, ಗಾಳಿಯಲ್ಲಿ ದೂಳಿದೆ, ಬೆಳಗಿನ ಒಂಬತ್ತಕ್ಕೆಲ್ಲ ನೆಲ ಕಾಯತೊಡಗುತ್ತದೆ.

ವರವು ಕಾವಲ್ ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳ ಮೇವಿಗೆಂದು ಕಾದಿರಿಸಿದ್ದ ಹುಲ್ಲುಗಾವಲುಗಳಲ್ಲಿ ಒಂದು. ಇದರ ದೊಡ್ಡ ಭಾಗ ಈಗ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ವಶದಲ್ಲಿದೆ. ವಿಮಾನ ಪರೀಕ್ಷೆಯ ಏರೋನಾಟಿಕಲ್ ಟೆಸ್ಟ್ ರೇಂಜ್ ಇಲ್ಲಿ 2017ರ ಮೇ 28ರಂದು ಉದ್ಘಾಟನೆಯಾಯಿತು. ಇಸ್ರೊ ತನ್ನ ಮರುಬಳಕೆ ಉಡಾವಣಾ ವಾಹನವನ್ನು 2023 ಮತ್ತು 2024ರಲ್ಲಿ ನೆಲಕ್ಕಿಳಿಸಿ ಪರೀಕ್ಷಿಸಿದ್ದೂ ಇದೇ ನೆಲೆಯ ರನ್‌ವೇ ಮೇಲೆ. ಆದ್ದರಿಂದ ಛಾಯಾಗ್ರಾಹಕರಿಗೆ ದಕ್ಕುವುದು ನೆಲೆಯ ಗೋಡೆಯ ಹೊರಗಿನ ಕಾವಲು, ಗೋಮಾಳ ಮತ್ತು ಹೊಲದ ಅಂಚು. ಗೋಡೆ, ಗೇಟು, ರನ್‌ವೇ, ಹಾರುತ್ತಿರುವ ಪರೀಕ್ಷಾ ವಿಮಾನ, ಇವುಗಳತ್ತ ಲೆನ್ಸ್ ತಿರುಗಿಸಬಾರದು. ರಕ್ಷಣಾ ನೆಲೆಗಳಿಗೆ 1923ರ ಅಧಿಕೃತ ರಹಸ್ಯ ಕಾಯ್ದೆ ಅನ್ವಯಿಸುತ್ತದೆ. ಡ್ರೋನ್ ಅನ್ನು ಖರೀದಿಯ ಪಟ್ಟಿಯಿಂದ ಮೊದಲೇ ತೆಗೆದುಹಾಕುವುದು ಒಳ್ಳೆಯದು.

ಮೊದಲು ಚಿತ್ರದ ಪಟ್ಟಿ

ಅಂಗಡಿಗೆ ಹೋಗುವ ಮುನ್ನ ಯಾವ ಚಿತ್ರ ಬೇಕೆಂದು ಬರೆದಿಟ್ಟುಕೊಳ್ಳಬೇಕು. ಈ ಸೀಮೆಯಲ್ಲಿ ಆ ಪಟ್ಟಿ ಬಹುಮಟ್ಟಿಗೆ ಹೀಗಿರುತ್ತದೆ: ದೂರದಲ್ಲಿ ಮೇಯುವ ಕೃಷ್ಣಮೃಗ, ಟಿಟ್ಟಿಭ, ನೆಲಗುಬ್ಬಿಯಂಥ ನೆಲದ ಹಕ್ಕಿಗಳು, ಚಳಿಗಾಲಕ್ಕೆ ಬರುವ ಹ್ಯಾರಿಯರ್ ಗಿಡುಗಗಳು, ಕಂಬಳಿ ಹೊದ್ದ ಕುರಿಗಾಹಿಗಳು ಮತ್ತು ಮಂದೆ, ಮ್ಯಾಸಬೇಡರ ದೇವರ ಎತ್ತುಗಳು, ಗೌರಸಮುದ್ರದ ಮಾರಮ್ಮನ ಜಾತ್ರೆ, ಮೊಳಕಾಲ್ಮೂರಿನ ಮಗ್ಗದ ಮನೆಯೊಳಗೆ ನೇಯಿಗೆಯಾಗುತ್ತಿರುವ ರೇಷ್ಮೆ ಸೀರೆ. ಪ್ರತಿಯೊಂದರ ಎದುರಿಗೂ ಎಷ್ಟು ದೂರ, ಎಷ್ಟು ಬೆಳಕು, ಎಷ್ಟು ಚಲನೆ ಎಂದು ಬರೆದರೆ ಸಾಧನದ ಆಯ್ಕೆ ಅರ್ಧ ಮುಗಿದಂತೆ. ಜಾತ್ರೆಗೆ, ಮಂದೆಗೆ ಬಾಡಿಯ ಜೊತೆ ಬರುವ ಕಿಟ್ ಲೆನ್ಸ್ ಸಾಕು. ಮಗ್ಗದ ಮನೆಯಲ್ಲಿ ಬೆಳಕು ಕಡಿಮೆ. ಅಲ್ಲಿ ಎಫ್ 1.8ರಷ್ಟು ಅಗಲವಾಗಿ ತೆರೆಯುವ 35 ಎಂಎಂನ ಪುಟ್ಟ ಲೆನ್ಸ್ ಕೆಲಸಕ್ಕೆ ಬರುತ್ತದೆ. ಉದ್ದ ಲೆನ್ಸ್ ನಿಜವಾಗಿ ಬೇಕಾಗುವುದು ಮೃಗ ಮತ್ತು ಹಕ್ಕಿಗಳಿಗೆ. ಅತಿಖರೀದಿ ಶುರುವಾಗುವುದೂ ಅಲ್ಲಿಂದಲೇ.

ದೂರದ ಲೆಕ್ಕ, ಬಿಸಿಲುಗುದುರೆಯ ತಡೆ

ಕೃಷ್ಣಮೃಗದ ಭುಜದೆತ್ತರ ಸುಮಾರು 80 ಸೆಂ.ಮೀ. ಅದು 100 ಮೀಟರ್ ದೂರದಲ್ಲಿದ್ದಾಗ 300 ಎಂಎಂ ಲೆನ್ಸ್ ಅದರ ಬಿಂಬವನ್ನು ಸೆನ್ಸರ್ ಮೇಲೆ 2.4 ಮಿ.ಮೀ. ಎತ್ತರಕ್ಕೆ ಮೂಡಿಸುತ್ತದೆ. ಮಧ್ಯಮ ಗಾತ್ರದ ಎಪಿಎಸ್-ಸಿ ಸೆನ್ಸರ್‌ನ ಎತ್ತರ ಸುಮಾರು 15.6 ಮಿ.ಮೀ. ಆದ್ದರಿಂದ ಪ್ರಾಣಿ ಚೌಕಟ್ಟಿನ ಎತ್ತರದ ಆರನೇ ಒಂದು ಪಾಲಿಗಿಂತಲೂ ಚಿಕ್ಕದಾಗಿ ಕಾಣುತ್ತದೆ. 600 ಎಂಎಂ ಹಾಕಿದರೆ ಬಿಂಬ 4.8 ಮಿ.ಮೀ. ಆಗುತ್ತದೆ. ಪ್ರಾಣಿ 50 ಮೀಟರಿಗೆ ಬಂದರೆ 300 ಎಂಎಂನಲ್ಲೂ ಅಷ್ಟೇ ದೊಡ್ಡ ಬಿಂಬ ಸಿಗುತ್ತದೆ.

ಬಿಂಬದ ಗಾತ್ರ ಒಂದೇ ಆದರೂ ಗುಣ ಒಂದೇ ಆಗಿರುವುದಿಲ್ಲ. ಕಾದ ನೆಲದಿಂದ ಏಳುವ ಬಿಸಿ ಗಾಳಿ, ಅದರ ಮೇಲಿನ ತಂಪು ಗಾಳಿ ಬೆಳಕನ್ನು ಬೇರೆ ಬೇರೆ ಬಗೆಯಲ್ಲಿ ಬಾಗಿಸುತ್ತವೆ. ದೂರದ ವಸ್ತು ನೀರಿನಲ್ಲಿ ನಡುಗಿದಂತೆ ಕಾಣುವುದು ಇದರಿಂದಲೇ. ಬಿಸಿಲುಗುದುರೆಯ ಮೂಲವೂ ಇದೇ. ಲೆನ್ಸ್ ಮತ್ತು ಪ್ರಾಣಿಯ ನಡುವೆ ಗಾಳಿ ಹೆಚ್ಚಿದಷ್ಟೂ ಈ ನಡುಕ ಹೆಚ್ಚು. ಉದ್ದ ಲೆನ್ಸ್ ಪ್ರಾಣಿಯ ಜೊತೆಗೆ ನಡುಕವನ್ನೂ ಹಿಗ್ಗಿಸಿ ತೋರಿಸುತ್ತದೆ. ಮಟ್ಟಸ ಬಯಲಿನಲ್ಲಿ ನಡುಹಗಲು 150 ಮೀಟರ್ ದೂರದಿಂದ ತೆಗೆದ ಚಿತ್ರ ಲಕ್ಷಗಟ್ಟಲೆ ಬೆಲೆಯ ಲೆನ್ಸಿನಲ್ಲೂ ಮಸುಕಾಗಿಯೇ ಬರುತ್ತದೆ. ಇದನ್ನು ಲೆನ್ಸಿನ ದೋಷವೆಂದು ತಿಳಿದು ಇನ್ನೂ ದುಬಾರಿ ಲೆನ್ಸಿಗೆ ಹೋಗುವವರು ಬಹಳ. ಆ ಹಣ ಪೂರ್ತಿ ವ್ಯರ್ಥ. ಸೂರ್ಯೋದಯದಿಂದ ಒಂದೂವರೆ ಎರಡು ಗಂಟೆಯೊಳಗೆ, ಒಂದು ಜಾಲಿಯ ಮರೆಯಲ್ಲೋ ನಿಲ್ಲಿಸಿದ ವಾಹನದೊಳಗೋ ಅಲುಗಾಡದೆ ಕೂತು ಪ್ರಾಣಿಯೇ ಹತ್ತಿರ ಬರುವಂತೆ ಕಾಯುವುದು ಇದಕ್ಕೆ ಇರುವ ಪರಿಹಾರ. ವಾಹನದಿಂದ ಹಿಂಡನ್ನು ಅಟ್ಟಿಸಿಕೊಂಡು ಹೋಗುವುದು ಪ್ರಾಣಿಗೆ ಹಿಂಸೆ. ಗಾಲಿಯ ಕೆಳಗೆ ಟಿಟ್ಟಿಭದಂಥ ಹಕ್ಕಿಗಳ ಮೊಟ್ಟೆಗಳೂ ಹೋಗುತ್ತವೆ. ಅವು ಗೂಡು ಕಟ್ಟದೆ ಬರಿ ನೆಲದಲ್ಲೇ ಮೊಟ್ಟೆಯಿಡುತ್ತವೆ.

ಸೆನ್ಸರ್ ಮತ್ತು ಮೌಂಟ್

ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ಎಪಿಎಸ್-ಸಿ ಸುಮಾರು 23.5×15.6, ಮೈಕ್ರೋ ಫೋರ್ ಥರ್ಡ್ಸ್ 17.3×13. ಸೆನ್ಸರ್ ಚಿಕ್ಕದಾದಷ್ಟೂ ಅದೇ ಲೆನ್ಸಿನಿಂದ ಪ್ರಾಣಿ ಚೌಕಟ್ಟಿನೊಳಗೆ ದೊಡ್ಡದಾಗಿ ಕಾಣುತ್ತದೆ. ಕಡಿಮೆ ಬೆಳಕಿನಲ್ಲಿ ಮಾತ್ರ ಚಿತ್ರ ಹೆಚ್ಚು ಕಾಳುಕಾಳಾಗುತ್ತದೆ. ಬಯಲಿನ ಕೆಲಸಕ್ಕೆ ಬೆಲೆ, ತೂಕ, ದೂರ ಮೂರನ್ನೂ ತೂಗಿ ನೋಡಿದರೆ ಹೆಚ್ಚಿನವರಿಗೆ ಎಪಿಎಸ್-ಸಿಯೇ ಸರಿ. ಜಾತ್ರೆಯ ರಾತ್ರಿ, ಮದುವೆ ಮನೆ, ಮಗ್ಗದ ಕೋಣೆಗಳೇ ಮುಖ್ಯ ಕೆಲಸವಾಗಿರುವವರು ಫುಲ್ ಫ್ರೇಮ್ ಯೋಚಿಸಬಹುದು.

ಮೌಂಟ್ ಆರಿಸುವಾಗ ಬಾಡಿಗಳನ್ನು ಹೋಲಿಸುವುದಕ್ಕಿಂತ, ಹೆಗಲ ಮೇಲೆ ಹೊತ್ತು ಎರಡು ಮೂರು ಕಿಲೋಮೀಟರ್ ನಡೆಯಬಹುದಾದ ಟೆಲಿ ಲೆನ್ಸ್ ಯಾವ ಮೌಂಟಿನಲ್ಲಿದೆ ಎಂದು ನೋಡುವುದು ಲೇಸು. ಕ್ಯಾನನ್ ಆರ್‌ಎಫ್‌ನಲ್ಲಿ 100–400 ಲೆನ್ಸ್ 635 ಗ್ರಾಂ ತೂಗುತ್ತದೆ. ಕ್ಯಾನನ್ನಿನ ಎಪಿಎಸ್-ಸಿ ಬಾಡಿಯ ಮೇಲೆ ಅದರ ನೋಟ ಫುಲ್ ಫ್ರೇಮಿನ 640 ಎಂಎಂಗೆ ಸಮ. ಆದರೆ ತುದಿಯಲ್ಲಿ ಅದು ಎಫ್ 8ಕ್ಕಿಂತ ಅಗಲವಾಗಿ ತೆರೆಯದು, ನಸುಕಿನಲ್ಲಿ ಐಎಸ್‌ಒ ಏರಿಸಲೇಬೇಕಾಗುತ್ತದೆ. ಸೋನಿ ಇ ಮೌಂಟಿನ 70–350 ಲೆನ್ಸಿನ ತೂಕ 625 ಗ್ರಾಂ, ನೋಟ 525 ಎಂಎಂಗೆ ಸಮ. ಫ್ಯೂಜಿಯ 70–300 ತೂಗುವುದು 580 ಗ್ರಾಂ, ನೋಟ 450ಕ್ಕೆ ಸಮ. ನಿಕಾನ್ ಜೆಡ್‌ನ 50–250 ಕೇವಲ 405 ಗ್ರಾಂ, ಅಗ್ಗವೂ ಹೌದು, ಆದರೆ ನೋಟ 375ರಷ್ಟೇ. ನಿಕಾನ್‌ನ 180–600, ಸೋನಿಯ 200–600 ಅತ್ಯುತ್ತಮ ಲೆನ್ಸ್‌ಗಳು. ಎರಡೂ ಸುಮಾರು ಎರಡು ಕಿಲೋ ತೂಗುತ್ತವೆ, ಇವನ್ನು ಎರಡನೇ ವರ್ಷಕ್ಕೆ ಮುಂದೂಡಿದರೆ ನಷ್ಟವಿಲ್ಲ. ಹೊರಗಿನ ಕಂಪನಿಗಳಾದ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳು ಹೆಚ್ಚು ಸಿಗುವುದು ಸೋನಿಗೆ.

ಬಾಡಿಯಲ್ಲಿ ನೋಡಬೇಕಾದದ್ದು ಮೂರೇ ಸಂಗತಿ: ಕಣ್ಣಿಗೆ ಹಚ್ಚಿ ನೋಡುವ ವ್ಯೂಫೈಂಡರ್, ಪ್ರಾಣಿ ಪಕ್ಷಿಯನ್ನು ಗುರುತಿಸುವ ಆಟೋಫೋಕಸ್, ಕೈಗೆ ಹೊಂದುವ ಹಿಡಿ. ಬಿಸಿಲಿನಲ್ಲಿ ಹಿಂಬದಿಯ ಪರದೆ ಕಾಣುವುದೇ ಇಲ್ಲ. ಹಾಗಾಗಿ ವ್ಯೂಫೈಂಡರ್ ಇಲ್ಲದ ನಿಕಾನ್ ಜೆಡ್ 30, ಸೋನಿ ಜೆಡ್‌ವಿ-ಇ10ರಂಥ ಮಾದರಿಗಳು ಬಯಲಿಗೆ ಒಗ್ಗುವುದಿಲ್ಲ. ಎತ್ತರದ ಹುಲ್ಲಿನಲ್ಲಿ ಆಟೋಫೋಕಸ್ ಮುಂದಿನ ಎಸಳನ್ನೇ ಹಿಡಿಯುತ್ತದೆ. ಆಗ ಒಂದೇ ಸಣ್ಣ ಬಿಂದುವಿಗೆ ಇಳಿಸಿಕೊಂಡು ಪ್ರಾಣಿಯ ಕಣ್ಣಿನ ಮೇಲಿಡಬೇಕು. ಇದು ಅಭ್ಯಾಸದಿಂದ ಬರುವ ಕೆಲಸ.

ನಿಂತುಹೋದ ಮೌಂಟ್‌ಗಳ ಬಗ್ಗೆಯೂ ಎಚ್ಚರ ಬೇಕು. ಸ್ಯಾಮ್‌ಸಂಗ್ ಎನ್‌ಎಕ್ಸ್, ನಿಕಾನ್ 1, ಕ್ಯಾನನ್ ಇಎಫ್-ಎಂ ಮೂರೂ ಮಿರರ್‌ಲೆಸ್ ಮೌಂಟ್‌ಗಳೇ. ಮೂರೂ ಈಗ ತಯಾರಾಗುತ್ತಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಇವನ್ನು ಕೊಂಡರೆ ಮುಂದೆ ಲೆನ್ಸೂ ಇಲ್ಲ, ರಿಪೇರಿಯೂ ಕಷ್ಟ. ಚಳ್ಳಕೆರೆಯಿಂದ ಬೆಂಗಳೂರು ಸುಮಾರು 200 ಕಿ.ಮೀ. ಕೊಳ್ಳಬೇಕೆಂದಿರುವ ಕಂಪನಿಯ ಸರ್ವಿಸ್ ಸೆಂಟರ್ ಅಲ್ಲಾದರೂ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಊರಿನ ಸ್ಟುಡಿಯೋದವರು, ಗೆಳೆಯರು ಬಳಸುವ ಮೌಂಟನ್ನೇ ಆರಿಸಿಕೊಂಡರೆ ಒಂದು ದಿನಕ್ಕೆ ಲೆನ್ಸ್ ಕೇಳಿ ಪಡೆಯಬಹುದು. ಯಾವ ಜಾಹೀರಾತೂ ಹೇಳದ ಲಾಭವಿದು.

ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಲೆನ್ಸ್‌ಗಳಿದ್ದರೆ ಲೆಕ್ಕ ಬದಲಾಗುತ್ತದೆ. ಕ್ಯಾನನ್‌ನ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಆರ್‌ಎಫ್ ಬಾಡಿಯಲ್ಲಿ ಆಟೋಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನ ಎಎಫ್-ಎಸ್ ಲೆನ್ಸ್‌ಗಳೂ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲಿ ಹಾಗೆಯೇ. ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳಿಗೆ ಮಾತ್ರ ಅದರಲ್ಲಿ ಆಟೋಫೋಕಸ್ ಬರುವುದಿಲ್ಲ, ಕೈಯಿಂದಲೇ ಫೋಕಸ್ ಮಾಡಬೇಕು.

ದೂಳಿಗೆ ತಕ್ಕ ಜೋಡಿ

ಡಿಎಸ್‌ಎಲ್‌ಆರ್‌ನಲ್ಲಿ ಸೆನ್ಸರ್ ಮುಂದೆ ಕನ್ನಡಿಯೂ ಷಟರೂ ಇರುತ್ತವೆ. ಅನೇಕ ಮಿರರ್‌ಲೆಸ್ ಬಾಡಿಗಳಲ್ಲಿ ಲೆನ್ಸ್ ತೆಗೆದೊಡನೆ ಸೆನ್ಸರ್ ಗಾಳಿಗೆ ತೆರೆದುಕೊಳ್ಳುತ್ತದೆ. ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವ ಜಿಲ್ಲೆಯಲ್ಲಿ ಆಷಾಢದ ಗಾಳಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲೆನ್ಸ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಬದಲಾಯಿಸುವ ಸಂದರ್ಭ ಹೆಚ್ಚು, ಒಳಗೆ ಸೇರುವ ದೂಳೂ ಹೆಚ್ಚು. ಬಯಲಿಗೆ ಹೊರಡುವಾಗ ಮನೆಯಲ್ಲೇ ಒಂದು ಲೆನ್ಸ್ ಹಾಕಿಕೊಂಡು ಇಡೀ ಬೆಳಗು ಅದರಲ್ಲೇ ಕಳೆಯುವುದು ಉತ್ತಮ ಪದ್ಧತಿ. ಸೋನಿ ಮತ್ತು ಫ್ಯೂಜಿ ಮೌಂಟ್‌ಗಳಿಗೆ 2021ರಲ್ಲಿ ಬಂದ ಟ್ಯಾಮ್ರಾನ್ 18–300, ಮಂದೆಯ ವಿಶಾಲ ನೋಟದಿಂದ ದೂರದ ಮೃಗದವರೆಗೆ ಒಂದರಲ್ಲೇ ಮುಗಿಸುತ್ತದೆ. ತುದಿಯಲ್ಲಿ ಚೂಪು ಸ್ವಲ್ಪ ಕಡಿಮೆಯಾದರೂ ಈ ನೆಲಕ್ಕೆ ಅದು ಒಪ್ಪುವ ರಾಜಿ. ಬದಲಾಯಿಸಲೇಬೇಕಾದರೆ ಕ್ಯಾಮೆರಾ ಆಫ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು, ಬಾಡಿಯ ಬಾಯಿ ನೆಲದ ಕಡೆಗಿರುವಂತೆ ಹಿಡಿದು ಬದಲಾಯಿಸಬೇಕು. ಸೆನ್ಸರಿಗೆ ಬಾಯಿಂದ ಊದಬಾರದು, ರಬ್ಬರ್ ಬ್ಲೋವರ್ ಬಳಸಬೇಕು.

ಖರೀದಿಗೆ ಕಡಿವಾಣ

ಮೊದಲ ಒಂದು ವರ್ಷಕ್ಕೆ ಒಂದು ಬಾಡಿ, ಒಂದು ಕಿಟ್ ಲೆನ್ಸ್, ಒಂದು ಟೆಲಿ ಎಂದು ಗೆರೆ ಎಳೆದುಕೊಳ್ಳುವುದು ಸೂಕ್ತ. ಇವುಗಳ ಜೊತೆ ಕೊಳ್ಳಲೇಬೇಕಾದದ್ದು ಕಂಪನಿಯದೇ ಇನ್ನೊಂದು ಬ್ಯಾಟರಿ, ಒಂದೇ ದೊಡ್ಡ ಕಾರ್ಡಿನ ಬದಲು 64 ಜಿಬಿಯ ಎರಡು ಕಾರ್ಡ್, ಬ್ಲೋವರ್, ಒರೆಸುವ ಬಟ್ಟೆ. ಮಿರರ್‌ಲೆಸ್‌ನಲ್ಲಿ ವ್ಯೂಫೈಂಡರ್ ಕೂಡ ವಿದ್ಯುತ್ತಿನಿಂದ ನಡೆಯುವುದರಿಂದ ಬ್ಯಾಟರಿ ಬೇಗ ಇಳಿಯುತ್ತದೆ. ಕಾವಲಿನಲ್ಲಿ ಚಾರ್ಜ್ ಮಾಡಲು ಜಾಗವಿಲ್ಲ. ಟ್ರೈಪಾಡ್, ಫಿಲ್ಟರ್ ಸರಣಿ, ಎರಡನೇ ಬಾಡಿ ಕಾಯಬಹುದು. ವಾಹನದ ಕಿಟಕಿಯ ಮೇಲೆ ಕಾಳು ತುಂಬಿದ ಬಟ್ಟೆಚೀಲ ಇಟ್ಟು ಅದರ ಮೇಲೆ ಲೆನ್ಸ್ ಊರಿದರೆ ಟ್ರೈಪಾಡ್‌ನಷ್ಟೇ ಗಟ್ಟಿ.

ಹೊಸ ಲೆನ್ಸ್ ಬೇಕೆನಿಸಿದಾಗ ಎರಡು ಪರೀಕ್ಷೆಗಳಿವೆ. ಒಂದು, ಕೈತಪ್ಪಿದ ಚಿತ್ರಗಳ ಪುಸ್ತಕ. ಪ್ರತಿ ಸಲ ಚಿತ್ರ ಕೆಟ್ಟಾಗ ಕಾರಣ ಬರೆಯಬೇಕು: ತಡವಾಗಿ ಬಂದದ್ದು, ಷಟರ್ ವೇಗ ಕಡಿಮೆಯಿದ್ದದ್ದು, ಪ್ರಾಣಿ ಬೆದರಿದ್ದು, ಬಿಸಿಲುಗುದುರೆ, ಲೆನ್ಸ್ ಸಾಲದೆ ಹೋದದ್ದು. ಓಡುವ ಕೃಷ್ಣಮೃಗಕ್ಕೆ ಸೆಕೆಂಡಿನ 1/1000ಕ್ಕಿಂತ ವೇಗದ ಷಟರ್ ಬೇಕು. ಅದನ್ನಿಡದೆ ಮಸುಕಾದ ಚಿತ್ರಕ್ಕೆ ಹೊಸ ಲೆನ್ಸ್ ಮದ್ದಲ್ಲ. ಕೊನೆಯ ಕಾರಣವೇ ಮತ್ತೆ ಮತ್ತೆ ಬಂದರೆ ಮಾತ್ರ ಖರೀದಿಗೆ ಅರ್ಥವಿದೆ. ಎರಡನೆಯದು, ಚಿತ್ರದ ಕಡತದಲ್ಲೇ ಇರುವ ಎಕ್ಸಿಫ್ ಮಾಹಿತಿ. ಯಾವ ಫೋಕಲ್ ಲೆಂಗ್ತ್‌ನಲ್ಲಿ ಹೆಚ್ಚು ಚಿತ್ರ ತೆಗೆದಿದೆ ಎಂದು ಅದು ಹೇಳುತ್ತದೆ. ಉಳಿಸಿಕೊಂಡ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ಕಿಟ್ ಲೆನ್ಸಿನವೇ ಆಗಿದ್ದರೆ 600 ಎಂಎಂನ ಆಸೆ ಎಲ್ಲಿಂದ ಬಂತೆಂದು ವಿಚಾರಿಸಿಕೊಳ್ಳಬೇಕು. ಇವೆರಡರಲ್ಲೂ ಪಾಸಾದರೂ ಕಂತಿಗೆ ಕೈಹಾಕುವ ಮುನ್ನ ಬೆಂಗಳೂರಿನಿಂದ ಎರಡು ಮೂರು ದಿನಕ್ಕೆ ಬಾಡಿಗೆಗೆ ತಂದು ಇದೇ ಬಯಲಿನಲ್ಲಿ ಹೊತ್ತು ನೋಡುವುದು ಲೇಸು.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಹಿಂಬದಿಯಿಂದ ಟಾರ್ಚ್ ಹಾಯಿಸಿ ಒಳಗೆ ಬಲೆಯಂಥ ಫಂಗಸ್ ಇದೆಯೇ ಎಂದು ನೋಡಬೇಕು. ಮಲೆನಾಡು, ಕರಾವಳಿಯಲ್ಲಿ ಬಳಸಿದ ಲೆನ್ಸ್‌ಗಳಲ್ಲಿ ಇದು ಸಾಮಾನ್ಯ. ಜೂಮ್ ಬಳೆ ತಿರುಗಿಸಿದಾಗ ಮರಳು ಅರೆದಂತೆ ಸದ್ದಾದರೆ ಬಿಡಬೇಕು. ಬಾಡಿಯಾದರೆ ಷಟರ್ ಕೌಂಟ್, ಭಾರತದ ವಾರಂಟಿ ಕಾರ್ಡ್, ಸೀರಿಯಲ್ ನಂಬರಿಗೆ ಹೊಂದುವ ಬಿಲ್ಲು ಕೇಳಬೇಕು.

ಚಳ್ಳಕೆರೆಯ ಒಣ ಹವೆಯಲ್ಲಿ ವರ್ಷದ ಬಹುಪಾಲು ದುಬಾರಿ ಡ್ರೈ ಕ್ಯಾಬಿನೆಟ್ ಬೇಡ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಪುಟ್ಟ ತೇವಮಾಪಕ ಇದ್ದರೆ ಆಯಿತು. ತೇವಾಂಶವನ್ನು ಶೇಕಡಾ 40ರಿಂದ 50ರ ಆಸುಪಾಸಿನಲ್ಲಿ ಉಳಿಸಿಕೊಳ್ಳಬೇಕು. ಮಳೆ ಬೀಳುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೆಲ್ ಬಣ್ಣ ಬದಲಾಯಿಸಿದೆಯೇ ನೋಡಿ, ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು. ಬಯಲಿನಿಂದ ಬಂದ ಬಾಡಿಯನ್ನು ಮೊದಲು ಒಣ ಬ್ರಷ್‌ನಿಂದ ಗುಡಿಸಿ, ಆಮೇಲೆ ಬಟ್ಟೆಯಿಂದ ಒರೆಸಬೇಕು. ದೂಳಿರುವಾಗಲೇ ಒರೆಸಿದರೆ ಮುಂದಿನ ಗಾಜಿನ ಮೇಲೆ ಗೀರು ಬೀಳುತ್ತದೆ.