ಅಂಚೆಯ ಕಡತ ಮತ್ತೆ ಮತ್ತೆ ಕೆಡುವುದೇಕೆ?

ನಮ್ಮ ವಾಚನಾಲಯಕ್ಕೆ ಸಾಯಂಕಾಲ ಬರುವ ಕಾರಕೂನ ಮಿತ್ರರೊಬ್ಬರು ಮೊನ್ನೆ ಪತ್ರಿಕೆಯನ್ನು ಮುಟ್ಟದೆ ಸುಮ್ಮನೆ ಕುಳಿತಿದ್ದರು. ಅವರದು ಸರಕು ಸಾಗಣೆಯ ಕಛೇರಿ. ಪತ್ರವ್ಯವಹಾರವೆಲ್ಲ ಔಟ್‌ಲುಕ್ ಎಂಬ ಇ-ಮೇಲ್ ಪ್ರೋಗ್ರಾಂನಲ್ಲಿ. ತಿಂಗಳಿಗೆರಡು ಸಲ ಅದರ ಕಡತ ಕೆಡುತ್ತದೆ, ಇವರು ರಿಪೇರಿ ಮಾಡುತ್ತಾರೆ, ಮತ್ತೆ ಕೆಡುತ್ತದೆ. ಈ ಸಲ ಗಿರಾಕಿಯೊಬ್ಬರ ಕಾಗದಗಳೇ ಕಾಣೆಯಾದವು. "ನೀವೇ ಅಳಿಸಿರಬೇಕು" ಎಂದರಂತೆ ಸಾಹೇಬರು. ಇಂಥ ಮಾತು ಕೇಳಬೇಕಾದವರು ನಮ್ಮಲ್ಲಿ ಇನ್ನೂ ಹಲವರಿರುವುದರಿಂದ ಈ ಪಾಠವನ್ನು ಬರೆಯುತ್ತಿದ್ದೇವೆ.

ಮೊದಲು ವಸ್ತುವನ್ನು ತಿಳಿಯೋಣ. ಬಂದ ಕಾಗದ, ಕಳಿಸಿದ ಕಾಗದ, ವಿಳಾಸಗಳು ಎಲ್ಲವನ್ನೂ ಔಟ್‌ಲುಕ್ ಒಂದೇ ದೊಡ್ಡ ಕಡತದಲ್ಲಿ ಇಡುತ್ತದೆ. ಅದರ ಹೆಸರಿನ ಕೊನೆಗೆ ಪಿಎಸ್‌ಟಿ ಎಂದಿರುತ್ತದೆ. ಅದನ್ನು ಖಾತೆಪುಸ್ತಕವೆಂದೇ ತಿಳಿಯಿರಿ. ಒಳಗೆ ನಮೂದುಗಳುಂಟು, ಯಾವುದು ಎಲ್ಲಿದೆಯೆಂಬ ಸೂಚಿಯೂ ಉಂಟು. ನಮೂದು ಬರೆದು ಸೂಚಿ ಬರೆಯುವಷ್ಟರಲ್ಲಿ ಯಾರೋ ಕೈ ಹಿಡಿದೆಳೆದರೆ ತಾಳೆ ತಪ್ಪುತ್ತದೆ. ಕಡತ ಕೆಡುವುದೆಂದರೆ ಬಹುಮಟ್ಟಿಗೆ ಇದೇ. (ಓಎಸ್‌ಟಿ ಎಂಬ ಇನ್ನೊಂದು ಬಗೆ ಉಂಟು, ಅದು ಸರ್ವರಿನಲ್ಲಿರುವ ಮೂಲದ ಪ್ರತಿ ಮಾತ್ರ, ಕೆಟ್ಟರೆ ಹೊಸದಾಗಿ ಇಳಿಸಿಕೊಳ್ಳಬಹುದು.)

ರಿಪೇರಿಗೆ ಸ್ಕ್ಯಾನ್‌ಪಿಎಸ್‌ಟಿ ಎಂಬ ಉಪಕರಣ ಔಟ್‌ಲುಕ್ಕಿನ ಜೊತೆಗೇ ಬರುತ್ತದೆ. ಔಟ್‌ಲುಕ್ ಮುಚ್ಚಿ, ಕಡತದ ಪ್ರತಿಯೊಂದನ್ನು ಬೇರೆ ಕಡೆ ಇಟ್ಟು, ಆಮೇಲೆ ಅದನ್ನು ನಡೆಸಬೇಕು. ಒಂದು ಸಲ ಸಾಲದು; ದೋಷವಿಲ್ಲವೆಂದು ಹೇಳುವವರೆಗೆ ನಡೆಸತಕ್ಕದ್ದು. ದಿಕ್ಕು ತಪ್ಪಿದ ಕಾಗದಗಳನ್ನು ಅದು 'ಲಾಸ್ಟ್ ಅಂಡ್ ಫೌಂಡ್' ಎಂಬ ಫೋಲ್ಡರಿನಲ್ಲಿ ಹಾಕಿರುವುದುಂಟು. ಅನಂತರ ಹೊಸ ಪಿಎಸ್‌ಟಿ ತೆರೆದು, ಕಾಗದಗಳನ್ನು ಅದಕ್ಕೆ ಸಾಗಿಸಿ, ಹಳೆಯದರಲ್ಲಿ ಬರೆಯುವುದನ್ನು ನಿಲ್ಲಿಸಬೇಕು. ನಮ್ಮ ಮಿತ್ರರು ಹೊಸ ಕಡತದ ಗೊಡವೆಗೇ ಹೋಗಿರಲಿಲ್ಲ.

ಆದರೆ ಸೂರು ಸೋರುತ್ತಿರುವಾಗ ನೆಲ ಒರೆಸಿ ಏನು ಫಲ? ಕಡತ ಎಲ್ಲಿ ವಾಸವಾಗಿದೆಯೆಂಬುದನ್ನು ಮೊದಲು ನೋಡಬೇಕು. ಔಟ್‌ಲುಕ್ಕಿನ ಫೈಲ್, ಅದರಲ್ಲಿ ಅಕೌಂಟ್ ಸೆಟ್ಟಿಂಗ್ಸ್, ಅದರೊಳಗೆ ಡೇಟಾ ಫೈಲ್ಸ್, ಅಲ್ಲಿ ವಿಳಾಸವಿರುತ್ತದೆ. ಆ ವಿಳಾಸ ಎರಡು ಓರೆಗೆರೆಗಳಿಂದ ಆರಂಭವಾದರೆ ಕಡತ ನಿಮ್ಮ ಯಂತ್ರದಲ್ಲಿಲ್ಲ, ಕಛೇರಿಯ ಸರ್ವರಿನಲ್ಲಿದೆ. ಮಿತ್ರರದು ಹಾಗೆಯೇ ಇತ್ತು. ಎಲ್ಲರದೂ ಒಂದೆಡೆ ಇದ್ದರೆ ಪ್ರತಿ ತೆಗೆಯಲು ಸುಲಭವೆಂದು ಕಂಪ್ಯೂಟರಿನವರು ಇಟ್ಟಿದ್ದರಂತೆ. ಉದ್ದೇಶ ಒಳ್ಳೆಯದೇ. ಆದರೆ ತಂತಿಯ ಸಂಪರ್ಕ ಒಂದು ಕ್ಷಣ ತಪ್ಪಿದರೂ ಬರವಣಿಗೆ ಅರ್ಧಕ್ಕೆ ನಿಲ್ಲುತ್ತದೆ. ಪಿಎಸ್‌ಟಿಯನ್ನು ನೆಟ್‌ವರ್ಕಿನ ಮೇಲಿಟ್ಟು ಬಳಸಬಾರದೆಂದು ಮೈಕ್ರೋಸಾಫ್ಟ್‌ನವರೇ ಹೇಳುತ್ತಾರೆ. ಒನ್‌ಡ್ರೈವ್ ಫೋಲ್ಡರಿನಲ್ಲಿಟ್ಟರೂ ತೊಂದರೆಯೇ.

ಗಾತ್ರವೂ ಒಂದು ಕಾರಣ. 2002ರವರೆಗಿನ ಔಟ್‌ಲುಕ್ಕಿನ ಕಡತಕ್ಕೆ 2 ಜಿಬಿ ಮಿತಿ. 2003ರಲ್ಲಿ ಹೊಸ ಮಾದರಿ ಬಂದು ಮಿತಿ 20 ಜಿಬಿಗೆ, 2010ರಲ್ಲಿ 50 ಜಿಬಿಗೆ ಏರಿತು. ಪ್ರೋಗ್ರಾಂ ಹೊಸದಾದರೂ ಹಳೆಯ ಮಾದರಿಯ ಕಡತ ಹಳೆಯದಾಗಿಯೇ ಉಳಿಯುತ್ತದೆ, ನೆನಪಿರಲಿ. ಔಟ್‌ಲುಕ್ ತೆರೆದಿರುವಾಗಲೇ ಸ್ವಿಚ್ಚು ಆರಿಸುವುದು, ಸವೆದ ಡಿಸ್ಕು, ಇವೂ ಉಂಟು. ಆ್ಯಂಟಿವೈರಸ್ಸಿನ ಮೇಲೆ ಸಂಶಯವಿದ್ದರೆ ಕಂಟ್ರೋಲ್ ಕೀ ಒತ್ತಿ ಹಿಡಿದು ಔಟ್‌ಲುಕ್ಕನ್ನು ಸೇಫ್ ಮೋಡಿನಲ್ಲಿ ತೆರೆದು ಕೆಲವು ದಿನ ನೋಡಬಹುದು.

ಇನ್ನು ಸಾಹೇಬರ ಮಾತು. ಸ್ಕ್ಯಾನ್‌ಪಿಎಸ್‌ಟಿ ತಾನು ಕಂಡ ದೋಷಗಳನ್ನು ಕಡತದ ಪಕ್ಕದಲ್ಲೇ ಒಂದು ಲಾಗ್‌ನಲ್ಲಿ ಬರೆದಿಡುತ್ತದೆ. ಮಿತ್ರರು ಅದನ್ನು ಅಚ್ಚು ಹಾಕಿಸಿ ಮೇಜಿನ ಮೇಲಿಟ್ಟರು. ಕೆಲವು ಕಾಗದ 'ಲಾಸ್ಟ್ ಅಂಡ್ ಫೌಂಡ್'ನಲ್ಲಿ ದೊರೆತವು, ಉಳಿದವನ್ನು ಗಿರಾಕಿಯೇ ತನ್ನಲ್ಲಿದ್ದ ಪ್ರತಿಯಿಂದ ಪುನಃ ಕಳಿಸಿದ. ಈಗ ಕಡತ ಅವರ ಯಂತ್ರದ ಡಿಸ್ಕಿನಲ್ಲೇ ಇದೆ. ಶನಿವಾರ ಔಟ್‌ಲುಕ್ ಮುಚ್ಚಿದ ಮೇಲೆ ಒಂದು ಪ್ರತಿ ಸರ್ವರಿಗೆ ಹೋಗುತ್ತದೆ.