ಬೀಡನ್ ಸಾಹೇಬ ಕೆತ್ತಿದ ಶಾಸನ

ತಮ್ಮಾ, ನಮ್ಮ ಸೀಮೆಯ ಬಗ್ಗೆ ಇಂಗ್ಲಿಷಿನಲ್ಲಿ ನೀನು ಬರೆದ ಎರಡು ಪುಟ ಓದಿದೆ. ವ್ಯಾಕರಣ ನನ್ನ ಕಾಲದವರಿಗಿಂತ ಚೊಲೋ ಇದೆ. ಆದರೆ ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಬೀಡನ್ ‘ಇನ್ವೆಂಟ್’ ಮಾಡಿದ ಎಂದಿದ್ದೀಯಲ್ಲ, ಅಲ್ಲಿಗೆ ಬಂದಾಗ ಒಬ್ಬನೇ ಕೂತು ನಕ್ಕೆ. ಬೀಡನ್ ಬಂಗಾರದ ಅದಿರು ಹುಡುಕುತ್ತ ಬಂದ ಎಂಜಿನಿಯರ್. ಬಂಡೆಯ ಮೇಲೆ ಅವನಿಗೆ ಅಕ್ಷರ ಕಂಡವು. ಇದ್ದದ್ದು ಕಣ್ಣಿಗೆ ಬಿದ್ದರೆ ‘ಡಿಸ್ಕವರ್’, ಇಲ್ಲದ್ದನ್ನು ಹುಟ್ಟಿಸಿದರೆ ‘ಇನ್ವೆಂಟ್’. ನೀನು ಬರೆದ ಪ್ರಕಾರ ಆ ಸಾಹೇಬನೇ ಉಳಿ ಹಿಡಿದು ಖೊಟ್ಟಿ ಶಾಸನ ಕೆತ್ತಿದಂತಾಯಿತು!

ಅದೇ ಬಂಡೆಯಲ್ಲಿ ಇಂಥ ಇನ್ನೊಂದು ಶಬ್ದಜೋಡಿಯೂ ಇದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗಂಟು ಬಿಡಿಸಿದಾಗ ಕಲ್ಲುಗಳ ಮೇಲೆ ಸಿಕ್ಕದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಅವು ‘ಟೈಟಲ್’. ಈತ ಅಶೋಕನೇ ಇರಬೇಕೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಪಂಡಿತರು ಹೇಳುತ್ತಿದ್ದರು. ಬಿರುದಿನ ಜೊತೆಗೇ ‘ನೇಮ್’ ಕಲ್ಲಿನ ಮೇಲೆ ಮೊದಲು ಕಂಡದ್ದು ನಮ್ಮ ಮಸ್ಕಿಯಲ್ಲಿ.

ನಿಘಂಟು ತೆರೆಯಬೇಡ ಎನ್ನುತ್ತಿಲ್ಲ. ಆದರೆ ಅದು ಎಷ್ಟೋ ಸಲ ನಾಲ್ಕು ಶಬ್ದಕ್ಕೆ ಒಂದೇ ಅರ್ಥ ಬರೆದು ಕೈ ತೊಳೆದುಕೊಳ್ಳುತ್ತದೆ. ಆಗ ಅದನ್ನು ಮುಚ್ಚಿಟ್ಟು, ಆ ಶಬ್ದವನ್ನು ನಿನಗೆ ಗೊತ್ತಿರುವ ಯಾರಿಗಾದರೂ ತೊಡಿಸಿ ನೋಡು, ಅಳತೆಗೆ ಬರುತ್ತದೋ ಇಲ್ಲವೋ. ಸಿಂಧನೂರಿನ ಕಡೆಯವರನ್ನೆಲ್ಲ ನೀನು ‘ಮೈಗ್ರೆಂಟ್’ ಎಂದು ಒಂದೇ ಗಂಟು ಕಟ್ಟಿದ್ದೀ. ಪೂರ್ವ ಪಾಕಿಸ್ತಾನ ಬಿಟ್ಟು ಓಡಿಬಂದು ಪುನರ್ವಸತಿಯ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಕಂಡ ಬಂಗಾಳಿಗಳು ಬಂದಾಗ ‘ರೆಫ್ಯೂಜಿ’. ತಿರುಗಿ ಹೋಗೋಣವೆಂದರೆ ಅವರಿಗೆ ಊರೇ ಉಳಿದಿರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನೋಡಿ ಆಂಧ್ರದಿಂದ ಬಂದು, ಹೊಲ ಕೊಂಡು, ಭತ್ತ ನಾಟಿ ಮಾಡಿದವರು ‘ಸೆಟ್ಲರ್’. ಅವರ ಊರಿಗೂ ನಾವು ಕ್ಯಾಂಪ್ ಅಂತಲೇ ಅನ್ನುವುದು. ಇಂಗ್ಲಿಷಿನ ಕ್ಯಾಂಪ್ ನಾಲ್ಕು ದಿನದ ಡೇರೆ; ನಮ್ಮ ಕ್ಯಾಂಪಿನಲ್ಲಿ ಮೊಮ್ಮಕ್ಕಳ ಮದುವೆಯೂ ಆಗಿದೆ. ಹೊರಗಿನವರಿಗೆ ಬರೆಯುವಾಗ ‘ವಿಲೇಜ್’ ಅನ್ನು, ಇಲ್ಲವಾದರೆ ಅವರು ಡೇರೆ ಹುಡುಕಿಕೊಂಡು ಬಂದಾರು. ಇನ್ನು ಕಾಲುವೆ ಮುಟ್ಟದ ಊರುಗಳಿಂದ, ಮನೆ ಕಾಯಲು ಮುದುಕರನ್ನು ಬಿಟ್ಟು, ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾರಲ್ಲ, ಮಳೆ ಬಿದ್ದರೆ ಹೊಲಕ್ಕೆ ಮರಳುತ್ತಾರಲ್ಲ, ಅವರು ‘ಮೈಗ್ರೆಂಟ್’. ನಮ್ಮ ಪತ್ರಿಕೆಗಳೂ ಎಲ್ಲಕ್ಕೂ ವಲಸೆ ಎಂದೇ ಬರೆಯುತ್ತವೆ. ‘ಗುಳೆ’ ಎನ್ನುವ ಶಬ್ದ ಕೈಯಲ್ಲಿರುವ ನಿನಗೆ ಆ ಗೊಂದಲ ಯಾಕೆ?

ನಾನೇನು ಎಡವದವನಲ್ಲ. ಇಪ್ಪತ್ತರ ಹರೆಯದಲ್ಲಿ ನಮ್ಮ ಕಾಕಾನ ಬೆಳೆಸಾಲಕ್ಕೆ ಭಾರೀ ಹುಮ್ಮಸ್ಸಿನಿಂದ ಇಂಗ್ಲಿಷಿನಲ್ಲಿ ಅರ್ಜಿ ಗೀಚಿ, ‘ಲೆಂಡ್’ ಮಾಡಲು ಇಚ್ಛಿಸುತ್ತಾರೆ ಎಂದು ಬರೆದೆ. ಬ್ಯಾಂಕಿನವರು ಕನ್ನಡಕ ಮೇಲೇರಿಸಿ, “ಏನಪಾ, ನಿಮ್ಮ ಕಾಕಾ ನಮಗೇ ಸಾಲ ಕೊಡ್ತಾರೇನು?” ಅಂದರು. ಕಾಕಾ ಹೌದೌದು ಎಂದು ತಲೆಯಾಡಿಸಿದ, ಪಾಪ. ನಮ್ಮಲ್ಲಿ ಕಡ ಒಂದೇ. ಕೊಡುವುದೋ ಇಸಕೊಳ್ಳುವುದೋ ಮುಂದಿನ ಮಾತು ಹೇಳುತ್ತದೆ. ಅವರಲ್ಲಿ ಕೊಡುವವನದು ‘ಲೆಂಡ್’, ಇಸಕೊಳ್ಳುವವನದು ‘ಬಾರೋ’. ಸಾಲವನ್ನು ಬಾರೋ ಬಾರೋ ಎಂದು ಕರೆಯುವವನೇ ಇಸಕೊಳ್ಳುವವನು ಎಂದು ಅವತ್ತು ನೆನಪಿಟ್ಟದ್ದು, ಮತ್ತೆ ತಪ್ಪಿಲ್ಲ.

ಹಟ್ಟಿಯ ಬಂಗಾರದ ಗಣಿ ‘ಮೈನ್’, ಅದನ್ನು ಸರಿ ಬರೆದಿದ್ದೀ. ಗ್ರಾನೈಟ್ ಕೊರೆಯುವ ಜಾಗ ಮಾತ್ರ ‘ಕ್ವಾರಿ’. ನಾವು ಎರಡಕ್ಕೂ ಗಣಿ ಅನ್ನುತ್ತೇವೆ, ಅದಕ್ಕೇ ಕೈ ತಪ್ಪಿದೆ.

ಕೊನೆಯ ಸಾಲಿನಲ್ಲಿ ನಿಮ್ಮಪ್ಪನನ್ನು ಬೆಂಗಳೂರಿನ ‘ಸೆಟ್ಲರ್’ ಮಾಡಿಬಿಟ್ಟಿದ್ದೀ. ಯುಗಾದಿಗೆ ಬಂದು ಮನೆಗೆ ಸುಣ್ಣ ಬಳಿದು, ಎತ್ತಿನ ಕೊರಳಿಗೆ ಹೊಸ ಹಗ್ಗ ಕಟ್ಟಿ ಹೋದ ಮನುಷ್ಯ. ರಾತ್ರಿ ಫೋನ್ ಮಾಡಿ ‘ಸೆಟ್ಲರ್’, ‘ಮೈಗ್ರೆಂಟ್’ ಎರಡೂ ಶಬ್ದ ಅವನಿಗೆ ಬಿಡಿಸಿ ಹೇಳು, ಯಾವುದಕ್ಕೆ ಹೂಂ ಅನ್ನುತ್ತಾನೋ ಅದನ್ನೇ ಬರಿ. ನಾಳೆ ಲಿಂಗಸುಗೂರಿನ ಬಸ್ಸು ಹತ್ತುವ ಮೊದಲು ಹಾಳೆ ತೋರಿಸಿ ಹೋಗು.